ಡೊಮೈನ್ ವ್ಯಾಪಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾರಿದರೆ ಲಾಭ ಬಂದೀತೆಂದು ನಲವತ್ತು ಡಾಟ್ ಕಾಮ್ ಹೆಸರುಗಳನ್ನು ನೋಂದಾಯಿಸಿದೆ. ವರ್ಷವಾಗುತ್ತ ಬಂತು, ಒಬ್ಬರೂ ಕೇಳಿಲ್ಲ. ಎಲ್ಲವನ್ನೂ ನವೀಕರಿಸಲೇ?

ಉತ್ತರ: ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ಒಂದು ಹೆಸರಿನ ನವೀಕರಣಕ್ಕೆ 11 ಡಾಲರ್ ಎಂದರೂ ನಲವತ್ತಕ್ಕೆ ವರ್ಷಕ್ಕೆ 440. ನೂರು ಹೆಸರಿಟ್ಟುಕೊಂಡವರಿಗೆ ವರ್ಷಕ್ಕೆ ಒಂದೋ ಎರಡೋ ಮಾರಾಟವಾಗುವುದು ಈ ವ್ಯಾಪಾರದಲ್ಲಿ ಮಾಮೂಲು. ಆ ಲೆಕ್ಕದಲ್ಲಿ ನಿಮ್ಮ ನಲವತ್ತರಲ್ಲಿ ಒಂದು ಬಿಕರಿಯಾಗಲು ಸುಮಾರು ಎರಡು ವರ್ಷ ಬೇಕು. ಅಷ್ಟರಲ್ಲಿ ಖರ್ಚು 880 ಡಾಲರ್. ಮಾರಾಟ ತಾಣ ನೂರಕ್ಕೆ 20 ಕಮಿಷನ್ ಹಿಡಿದರೆ, ಆ ಒಂದು ಹೆಸರು 1,100ಕ್ಕೆ ಹೋದರೆ ಮಾತ್ರ ಅಸಲು ಕೈಗೆ ಬರುತ್ತದೆ. ಲಾಭದ ಮಾತು ಆಮೇಲೆ.

ಆದ್ದರಿಂದ ಪ್ರತಿ ಹೆಸರಿನ ಮುಂದೆ, ಅದನ್ನು ಕೊಳ್ಳಬಲ್ಲ ಮೂರು ಸಂಸ್ಥೆಗಳನ್ನು ಬರೆಯಿರಿ. ಈಗಾಗಲೇ ಅದೇ ಕಸುಬಿನಲ್ಲಿದ್ದು, ಉದ್ದನೆಯ ಅಥವಾ ಅಡ್ಡಗೆರೆ ಇರುವ ವಿಳಾಸದಲ್ಲಿ ಒದ್ದಾಡುತ್ತಿರುವವರು ಸಿಕ್ಕರೆ ಅದು ಬಾಳುವ ಹೆಸರು. ‘ಸೋಲಾರ್‌ಪಂಪ್‌ರಿಪೇರ್’ ಎಂಬುದಕ್ಕೆ ಅಂಥವರು ಸಿಕ್ಕಾರು. ‘ಬೆಸ್ಟ್‌ಸೋಲಾರ್‌ಪಂಪ್‌4ಯು’ ಯಾರಿಗೂ ಬೇಡ. ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಕೇಳಿದವರು ‘4 ಅಂದರೆ ಅಂಕಿಯೋ ಅಕ್ಷರವೋ’ ಎಂದು ಮತ್ತೆ ಕೇಳಿದರೆ ಬಿಟ್ಟುಬಿಡಿ. ನಲವತ್ತರಲ್ಲಿ ಆರೇಳು ಉಳಿದರೆ ನಿಮ್ಮ ಆಯ್ಕೆ ಪರವಾಗಿಲ್ಲ. ಮಿಕ್ಕವುಗಳ ತಾನಾಗಿಯೇ ಆಗುವ ನವೀಕರಣವನ್ನು (ಆಟೊ ರಿನ್ಯೂ) ಈವತ್ತೇ ನಿಲ್ಲಿಸಿ, ಇಲ್ಲದಿದ್ದರೆ ಕಾರ್ಡಿನಿಂದ ಹಣ ತನ್ನಷ್ಟಕ್ಕೆ ಹೋಗುತ್ತಿರುತ್ತದೆ.

ಪ್ರಶ್ನೆ: ಡಾಟ್ ಕಾಮ್ ಬದಲು ಹೆಸರಿನ ಕೊನೆಗೆ ಬರುವ ಹೊಸ ಬಗೆಯ ವಿಸ್ತರಣೆಗಳು ಒಂದೆರಡು ಡಾಲರಿಗೇ ಸಿಗುತ್ತಿವೆ. ಕೊಳ್ಳಬಹುದೇ?

ಉತ್ತರ: ಅದು ಮೊದಲ ವರ್ಷದ ಬೆಲೆ. ಎರಡನೇ ವರ್ಷದ್ದು ಹತ್ತಿಪ್ಪತ್ತು ಪಟ್ಟಾದರೂ ಅಚ್ಚರಿಯಿಲ್ಲ. ಕೆಲವು ‘ಪ್ರೀಮಿಯಂ’ ಹೆಸರುಗಳಿಗೆ ಪ್ರತಿ ವರ್ಷವೂ ನೂರಾರು ಡಾಲರ್. ಹಣ ಕಟ್ಟುವ ಮೊದಲು ನವೀಕರಣದ ದರ ನೋಡಿ. ಡಾಟ್ ಎಐ ಕೊಳ್ಳುವುದಾದರೆ ಕನಿಷ್ಠ ಎರಡು ವರ್ಷದ ಹಣ ಒಟ್ಟಿಗೇ ಕಟ್ಟಬೇಕು.

ಪ್ರಶ್ನೆ: ಅವಧಿ ಮುಗಿದ ಒಳ್ಳೆಯ ಹೆಸರೊಂದು ಕಣ್ಣಿಗೆ ಬಿದ್ದಿದೆ. ಯಾವಾಗ ಕೈಗೆ ಸಿಗುತ್ತದೆ?

ಉತ್ತರ: ಅವಧಿ ಮುಗಿದ ಮರುದಿನವೇ ಸಿಗುವುದಿಲ್ಲ. ಡಾಟ್ ಕಾಮ್ ಆದರೆ ಹಳೆಯ ಒಡೆಯರು ನವೀಕರಿಸಿಕೊಳ್ಳಲು ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) 45 ದಿನದವರೆಗೂ ಕಾಯಬಹುದು. ಆಮೇಲೆ ಅಳಿಸಿದರೂ 30 ದಿನ ‘ರಿಡೆಂಪ್ಶನ್’. ದಂಡ ಕಟ್ಟಿದರೆ ಹಳಬರಿಗೇ ವಾಪಸ್. ಕೊನೆಗೆ ‘ಪೆಂಡಿಂಗ್ ಡಿಲೀಟ್’ 5 ದಿನ. ಆ ಹಂತದಲ್ಲಿ ಯಾರೂ ಮುಟ್ಟುವಂತಿಲ್ಲ. ಅದು ಮುಗಿದ ಮೇಲೆ ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ನೋಂದಾಯಿಸಬಹುದು. ಹೆಸರು ಯಾವ ಹಂತದಲ್ಲಿದೆ ಎಂಬುದು ಆರ್‌ಡಿಎಪಿ (ಹೆಸರುಗಳ ನೋಂದಣಿ ವಿವರ ತೋರಿಸುವ ವ್ಯವಸ್ಥೆ) ಹುಡುಕಾಟದಲ್ಲಿ ಕಾಣುತ್ತದೆ.

ಬಿದ್ದ ಕ್ಷಣ ನೀವೇ ಕುಳಿತು ಹಿಡಿಯುತ್ತೇನೆಂದರೆ ಆಗದ ಮಾತು. ಹತ್ತಾರು ಸಂಸ್ಥೆಗಳ ಕಂಪ್ಯೂಟರುಗಳು ಅದಕ್ಕಾಗಿಯೇ ಹೊಂಚು ಹಾಕಿರುತ್ತವೆ. ಬಿದ್ದ ಕೂಡಲೇ ನಿಮಗಾಗಿ ಹಿಡಿಯಿರೆಂದು ಅಂಥ ಸಂಸ್ಥೆಗೆ ಮೊದಲೇ ಹೇಳಿಡುವ ‘ಬ್ಯಾಕ್‌ಆರ್ಡರ್’ ಹಾಕಿಸಿ, ಹೆಚ್ಚಿನ ಕಡೆ ಹೆಸರು ಸಿಕ್ಕರಷ್ಟೇ ಹಣ. ಇಬ್ಬರು ಮೂವರು ಹಾಕಿದ್ದರೆ ಹರಾಜು. ಇನ್ನೊಂದು ವಿಷಯ: ನಿಜಕ್ಕೂ ಬೆಲೆಬಾಳುವ ಹೆಸರುಗಳನ್ನು ರಿಜಿಸ್ಟ್ರಾರ್‌ಗಳೇ ಬಯಲಿಗೆ ಬೀಳುವ ಮೊದಲು ಹರಾಜಿಗಿಡುವುದುಂಟು. ನಿಮ್ಮ ಕಣ್ಣು ಅಲ್ಲಿಯೂ ಇರಲಿ.

ಕೊಳ್ಳುವ ಮೊದಲು, ತಾಣಗಳ ಹಳೆಯ ರೂಪವನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳನ್ನು ವರ್ಷವಾರು ತೆರೆದು ನೋಡಿ. ನಡುವೆಲ್ಲೋ ಜೂಜಿನ ಪುಟವೋ ನಕಲಿ ಔಷಧಿಯ ಪುಟವೋ ಕಂಡರೆ ದೂರವಿರಿ. ಹುಡುಕಾಟದಲ್ಲಿ ಹಿಂದೆ ಬಿದ್ದಿರಬಹುದು, ಅದರಿಂದ ಕಳಿಸಿದ ಇಮೇಲ್ ಸ್ಪ್ಯಾಮ್‌ಗೆ ಹೋಗಬಹುದು. ಕೊಳ್ಳುವವರೂ ಇದನ್ನೇ ನೋಡುತ್ತಾರೆ.

ಪ್ರಶ್ನೆ: ಹೆಸರಾಂತ ಕಂಪನಿಯೊಂದರ ಹೊಸ ಉತ್ಪನ್ನದ ಹೆಸರು ಡಾಟ್ ಕಾಮ್‌ನಲ್ಲಿ ಖಾಲಿ ಇದೆ. ನಾನೇ ಹಿಡಿದಿಟ್ಟು ಅವರಿಗೇ ಮಾರಿದರೆ?

ಉತ್ತರ: ಬೇಡ. ಟ್ರೇಡ್‌ಮಾರ್ಕಿಗೆ ಹೋಲುವ ಹೆಸರು, ಅದರ ಮೇಲೆ ನಿಮಗೆ ನ್ಯಾಯವಾದ ಹಕ್ಕಿಲ್ಲದಿರುವುದು, ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದು: ಈ ಮೂರನ್ನೂ ಅವರು ತೋರಿಸಿದರೆ 1999ರಿಂದ ಇರುವ ಯುಡಿಆರ್‌ಪಿ (ಡೊಮೈನ್ ವಿವಾದಗಳನ್ನು ಕೋರ್ಟಿನ ಹೊರಗೆ ತೀರ್ಮಾನಿಸುವ) ಕ್ರಮದಲ್ಲಿ ಹೆಸರು ಅವರ ಪಾಲು. ‘ಇಷ್ಟು ಕೊಟ್ಟರೆ ಕೊಡುತ್ತೇನೆ’ ಎಂಬ ನಿಮ್ಮ ಪತ್ರವೇ ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ. ಅಮೆರಿಕದ ಕೋರ್ಟಿಗೆ ಹೋದರೆ ಒಂದು ಹೆಸರಿಗೆ 1,000ದಿಂದ 1,00,000 ಡಾಲರ್‌ವರೆಗೂ ಪರಿಹಾರ ವಿಧಿಸಲು ಅಲ್ಲಿನ ಕಾಯ್ದೆಯಲ್ಲಿ ಅವಕಾಶವಿದೆ.

ಪ್ರಶ್ನೆ: ಒಬ್ಬರು 3,000 ಡಾಲರಿಗೆ ಒಪ್ಪಿದ್ದಾರೆ, ಆದರೆ ತಾವು ಹೇಳಿದ ಕಡೆಯಿಂದಲೇ ಮೌಲ್ಯಮಾಪನ ಪತ್ರ ತರಿಸಬೇಕಂತೆ. ತರಿಸಲೇ? ಮಾರುವ ಕ್ರಮ ಹೇಗೆ?

ಉತ್ತರ: ಆ ಪತ್ರದ ಶುಲ್ಕವೇ ಅವರ ದಂಧೆ. ನೀವು ಹಣ ಕಟ್ಟಿದ ಮೇಲೆ ಕೊಳ್ಳುವವರ ಸುಳಿವೇ ಇರುವುದಿಲ್ಲ. ಉತ್ತರ ಬರೆಯುವ ಗೋಜಿಗೂ ಹೋಗಬೇಡಿ.

ನಿಜವಾದ ಗಿರಾಕಿ ಬಂದಾಗ ಎಸ್ಕ್ರೋ ಮೂಲಕ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರ ಮೂಲಕ ಹೋಗಿ. ಬೆಲೆಯ ಜೊತೆಗೆ ಎಸ್ಕ್ರೋ ಶುಲ್ಕ ಯಾರದೆಂಬುದೂ ಮೊದಲೇ ತೀರ್ಮಾನವಾಗಲಿ. ಗಿರಾಕಿ ಹಣವನ್ನು ಎಸ್ಕ್ರೋಗೆ ಕಟ್ಟುತ್ತಾರೆ. ‘ಹಣ ಬಂದಿದೆ’ ಎಂಬ ಇಮೇಲ್ ನಂಬಿ ಅದರೊಳಗಿನ ಕೊಂಡಿ ಒತ್ತಬೇಡಿ. ತಾಣದ ವಿಳಾಸ ನೀವೇ ಟೈಪ್ ಮಾಡಿ, ಖಾತೆಯೊಳಗೆ ಹೋಗಿ ನೋಡಿ. ಆಮೇಲಷ್ಟೇ ರಿಜಿಸ್ಟ್ರಾರ್ ಖಾತೆಯಲ್ಲಿ ಹೆಸರಿಗೆ ಹಾಕಿರುವ ವರ್ಗಾವಣೆಯ ಬೀಗ ತೆಗೆದು, ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವಾದ ಆಥ್ ಕೋಡ್ ಕೊಡಿ. ಕೋಡ್ ಕೈಬಿಟ್ಟರೆ ಹೆಸರು ಕೈಬಿಟ್ಟಂತೆಯೇ. ಗಿರಾಕಿ ಹೆಸರು ತಲುಪಿತೆಂದು ಒಪ್ಪಿದ ಮೇಲೆ ಹಣ ನಿಮಗೆ.

ಇಬ್ಬರ ಖಾತೆಯೂ ಒಂದೇ ರಿಜಿಸ್ಟ್ರಾರ್‌ನಲ್ಲಿದ್ದರೆ ಹೆಸರನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಒಳಗಿಂದೊಳಗೇ ‘ಪುಶ್’ ಮಾಡಬಹುದು, ನಿಮಿಷಗಳ ಕೆಲಸ. ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಐದಾರು ದಿನ ಹಿಡಿಯುತ್ತದೆ. ನೋಂದಾಯಿಸಿ 60 ದಿನ ಆಗಿರದಿದ್ದರೆ ಸಾಮಾನ್ಯವಾಗಿ ಹೋಗುವುದೇ ಇಲ್ಲ. ಇದು ಗೊತ್ತಿಲ್ಲದೆ ಗಡುವು ಒಪ್ಪಿಕೊಂಡು ಗಿರಾಕಿಯನ್ನು ಕಳೆದುಕೊಂಡವರಿದ್ದಾರೆ. ಅವಧಿ ಮುಗಿಯಲು ತಿಂಗಳೊಳಗಿದ್ದರೆ ಮೊದಲು ಒಂದು ವರ್ಷಕ್ಕೆ ನವೀಕರಿಸಿ, ಆ 11 ಡಾಲರನ್ನು ಬೆಲೆಯಲ್ಲೇ ಸೇರಿಸಿಕೊಳ್ಳಿ.