ಅಳುವುದು ವಿಶ್ವಾಸದ ಕೊರತೆಯೇ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಒಬ್ಬನೇ ತಮ್ಮ ಕಾಯಿಲೆಯಿಂದ ತೀರಿಕೊಂಡ. ಈಗಲೂ ಅವನ ಮಾತು ಬಂದರೆ ಕಣ್ಣೀರು ತಡೆಯಲಾಗುವುದಿಲ್ಲ. ಪುನರುತ್ಥಾನವನ್ನು ನಂಬುವವರು ಇಷ್ಟು ಅಳಬಾರದು, ಇದು ವಿಶ್ವಾಸದ ಕೊರತೆ ಎಂದು ಪ್ರಾರ್ಥನಾಕೂಟದ ಹಿರಿಯರೊಬ್ಬರು ಹೇಳಿದರು. ದೇವರಿಗೆ ನಮ್ಮ ದುಃಖ ನಿಜವಾಗಿಯೂ ತಟ್ಟುತ್ತದೆಯೇ?
— ಓದುಗರೊಬ್ಬರು

ಉತ್ತರ: ಸಹೋದರಿ, ನಿಮ್ಮ ಪತ್ರದ ಕೊನೆಯಲ್ಲಿ ‘ಅಷ್ಟು ಬೇಡಿಕೊಂಡೆವಲ್ಲ, ಆಗ ದೇವರು ಎಲ್ಲಿದ್ದರು’ ಎಂದು ಬರೆದು, ಅದರ ಮೇಲೆ ಗೀಟು ಎಳೆದಿದ್ದೀರಿ. ಗೀಟಿನ ಕೆಳಗೂ ಅಕ್ಷರಗಳು ಕಾಣುತ್ತವೆ. ನನ್ನ ಉತ್ತರ ಅಲ್ಲಿಂದಲೇ ಆರಂಭವಾಗಬೇಕು. ಬೈಬಲಿನ ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಇಬ್ಬರು ಹೆಣ್ಣುಮಕ್ಕಳು ಹೆಚ್ಚುಕಡಿಮೆ ಇದೇ ಮಾತನ್ನು ಯೇಸುಸ್ವಾಮಿಯ ಎದುರಿಗೇ ಹೇಳುತ್ತಾರೆ.

ಯೆರೂಸಲೇಮಿನಿಂದ ಸುಮಾರು ಮೂರು ಕಿಲೋಮೀಟರ್ ದೂರದ ಬೇಥಾನ್ಯದಲ್ಲಿ ಲಾಜರನು ಕಾಯಿಲೆ ಬಿದ್ದಾಗ, ಸಹೋದರಿಯರಾದ ಮಾರ್ಥ ಮತ್ತು ಮರಿಯ ಹೇಳಿಕಳುಹಿಸಿದ್ದರೂ ಯೇಸು ಇದ್ದಲ್ಲಿಯೇ ಇನ್ನೆರಡು ದಿನ ಉಳಿದರು. ಬಂದು ಸೇರುವ ಹೊತ್ತಿಗೆ ಸಮಾಧಿಯಾಗಿ ನಾಲ್ಕು ದಿನ ಕಳೆದಿತ್ತು. ತಾವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಮೊದಲು ಮಾರ್ಥ ಹೇಳಿದಳು, ಆಮೇಲೆ ಮರಿಯಳೂ ಅದನ್ನೇ ಹೇಳಿದಳು. ಮಾರ್ಥಳಿಗೆ, ತಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂಬ ಉತ್ತರ ದೊರೆಯಿತು. ಪಾದಕ್ಕೆ ಬಿದ್ದು ಅಳುತ್ತಿದ್ದ ಮರಿಯಳಿಗೆ ಮಾತ್ರ ಬೋಧನೆಯ ಒಂದು ಮಾತೂ ಇಲ್ಲ. ಅವನನ್ನು ಎಲ್ಲಿಟ್ಟಿದ್ದೀರಿ ಎಂದಷ್ಟೇ ಯೇಸು ಕೇಳಿದರು, ಅಲ್ಲಿದ್ದವರು ಬಂದು ನೋಡಿ ಎಂದರು, ಯೇಸು ಅತ್ತರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದೇನೆ ಎಂಬುದನ್ನು ತಿಳಿದಿದ್ದವರೇ ಹೀಗೆ ಅತ್ತರು. ಪುನರುತ್ಥಾನದ ಭರವಸೆಯಿದ್ದವರು ಅಳಬಾರದು ಎನ್ನುವುದಾದರೆ, ಆ ದಿನ ಎಲ್ಲರಿಗಿಂತ ಮೊದಲು ಅವರೇ ಅಳಬಾರದಿತ್ತು.

ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ನಾಯಿನ್ ಎಂಬ ಊರಿನ ಬಾಗಿಲಲ್ಲಿ ಒಬ್ಬ ವಿಧವೆಯ ಒಬ್ಬನೇ ಮಗನ ಶವಯಾತ್ರೆ ಎದುರಾಗುತ್ತದೆ. ಅಲ್ಲಿ ಯೇಸುವಿನ ಕನಿಕರಕ್ಕೆ ಬಳಸಿರುವ ಗ್ರೀಕ್ ಕ್ರಿಯಾಪದವು ಹೊಟ್ಟೆಯೊಳಗಿನ ಕರುಳು ಎಂಬ ಅರ್ಥದ ಪದದಿಂದಲೇ ಹುಟ್ಟಿದ್ದು. ಕರುಳು ಚುರ್ ಎಂದಿತು ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ತಾಯಿ ಏನನ್ನೂ ಬೇಡಿಕೊಂಡಿರಲಿಲ್ಲ, ಆಕೆಯ ವಿಶ್ವಾಸ ಎಷ್ಟೆಂದು ಯಾರೂ ಅಳೆಯಲೂ ಇಲ್ಲ.

ದೇವರು ನಮ್ಮಂತೆ ದುಃಖಕ್ಕೆ ವಶವಾಗುವವರಲ್ಲ ಎಂದು ಸಭೆಯ ಪ್ರಾಚೀನ ಬೋಧಕರು ಕಲಿಸಿದ್ದು ನಿಜ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕ್ರಿ.ಶ. 451ರಲ್ಲಿ ಕ್ರೈಸ್ತ ಬಿಷಪ್‌ಗಳು ಸೇರಿದ ಕಾಲ್ಸೆಡೋನ್ ಮಹಾಸಭೆಯು, ಯೇಸುವಿನಲ್ಲಿ ದೈವಸ್ವಭಾವವೂ ಮಾನವಸ್ವಭಾವವೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿವೆ ಎಂದು ಸಾರಿದ್ದರಿಂದ, ಸಮಾಧಿಯ ಬಳಿ ಅತ್ತವರು ದೇವಪುತ್ರರೇ ಎಂದು ಕ್ರೈಸ್ತರು ಧೈರ್ಯವಾಗಿ ಹೇಳಬಹುದು. ತಟ್ಟುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಹೌದು.

ಆ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಅಲ್ಲಿದೆ. ದುಃಖಿಸಲೇಬೇಡಿ ಎಂದು ಇಲ್ಲ. ಅವರು ಕೇಡು ಬಯಸಿ ಆಡಿದ ಮಾತಲ್ಲವಾದರೂ, ವಾಕ್ಯದ ಅರ್ಧವನ್ನು ಬಿಟ್ಟು ಹೇಳಿದ್ದರಿಂದ ನಿಮಗೆ ನೋವಾಯಿತು, ಅದು ಆಗಬಾರದಿತ್ತು.

ಪ್ರಾರ್ಥನೆಗೆ ಮಾತು ಹೊರಡದ ದಿನ 88ನೇ ಕೀರ್ತನೆಯನ್ನು ತೆರೆಯಿರಿ. ಹಗಲಿರುಳು ಮೊರೆಯಿಟ್ಟವನೊಬ್ಬ, ನನಗೇಕೆ ಮುಖ ಮರೆಮಾಡುತ್ತೀ ಎಂದು ದೇವರನ್ನೇ ಕೇಳುತ್ತಾನೆ. ಸಮಾಧಾನದ ಒಂದು ಸಾಲೂ ಬಾರದೆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಹೊಡೆದುಹಾಕಲಿಲ್ಲ, ಪ್ರಾರ್ಥನೆಯೆಂದೇ ಉಳಿಸಿಕೊಂಡರು. ನೀವು ಗೀಟು ಎಳೆದ ಸಾಲನ್ನೂ ಹಾಗೆಯೇ ದೇವರೆದುರು ಹೇಳಿ.