ಪ್ರತಿಕ್ರಿಯೆ: ಕ್ಯಾಂಪರ್‌ವ್ಯಾನಿನಲ್ಲಿ ಡೇನ್‌ಟ್ರೀ ಮಳೆಕಾಡಿಗೆ

ನಮಸ್ಕಾರ. ಆಗಸ್ಟ್‌ನಲ್ಲಿ ಪತ್ನಿಯೊಡನೆ ಆಸ್ಟ್ರೇಲಿಯಾದ ಕೇರ್ನ್ಸ್‌ನಿಂದ ಡೇನ್‌ಟ್ರೀ ಮಳೆಕಾಡಿನ ಕೇಪ್ ಟ್ರಿಬ್ಯುಲೇಶನ್‌ಗೆ ಬಾಡಿಗೆಯ ಕ್ಯಾಂಪರ್‌ವ್ಯಾನಿನಲ್ಲಿ (ಒಳಗೇ ಮಲಗುವ ಅನುಕೂಲವಿರುವ ವ್ಯಾನು) ಹೋಗಿ, ಅಲ್ಲಿಂದಲೇ ಇನ್ನೂ ಉತ್ತರದ ಕುಕ್‌ಟೌನ್ ಪಟ್ಟಣ ತಲುಪಬಹುದೇ ಎಂದು ಕೇಳಿದ್ದೀರಿ. ಮೊದಲ ಭಾಗಕ್ಕೆ ಧಾರಾಳವಾಗಿ ಹೋಗಿ ಬನ್ನಿ. ಎರಡನೆಯದು ಖಂಡಿತ ಬೇಡ.

ಕೇಪ್ ಟ್ರಿಬ್ಯುಲೇಶನ್‌ವರೆಗಿನ ಸುಮಾರು 140 ಕಿಲೋಮೀಟರ್‌ಗಳ ದಾರಿ ಉದ್ದಕ್ಕೂ ಡಾಂಬರಿನದು. ನಡುವೆ ಸಿಗುವ ಡೇನ್‌ಟ್ರೀ ನದಿಗೆ ಸೇತುವೆಯಿಲ್ಲ. ಉಕ್ಕಿನ ಹಗ್ಗದ ಆಧಾರದಲ್ಲಿ ಸಾಗುವ ಫೆರಿಯ ಮೇಲೆ ವಾಹನವನ್ನೇರಿಸಿ ದಾಟಬೇಕು. ಆಚೆ ದಡದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ನದಿಗೆ ಮೊದಲು ಸಿಗುವ ಮಾಸ್‌ಮನ್ ಪಟ್ಟಣದಲ್ಲಿಯೇ ಇಂಧನವನ್ನೂ ದಿನಸಿಯನ್ನೂ ತುಂಬಿಸಿಕೊಳ್ಳುವುದು ಒಳ್ಳೆಯದು. ಕೇಪ್ ಟ್ರಿಬ್ಯುಲೇಶನ್‌ನ ಉತ್ತರಕ್ಕೆ ಶುರುವಾಗುವ ಬ್ಲೂಮ್‌ಫೀಲ್ಡ್ ಟ್ರ್ಯಾಕ್ ಕಡಿದಾದ ಏರುಗಳ, ತೊರೆಗಳನ್ನು ನೀರಿನಲ್ಲಿಯೇ ದಾಟಬೇಕಾದ ಕಚ್ಚಾ ದಾರಿ. ಅದು ಫೋರ್‌ವೀಲ್ ಡ್ರೈವ್ ವಾಹನಗಳಿಗಷ್ಟೇ ತಕ್ಕದ್ದು. ಸಾಮಾನ್ಯ ಬಾಡಿಗೆ ಕರಾರುಗಳೂ ಅಂಥ ದಾರಿಗೆ ಅನುಮತಿ ಕೊಡುವುದಿಲ್ಲ. ಕುಕ್‌ಟೌನ್ ನೋಡಲೇಬೇಕೆಂದಿದ್ದರೆ ಮಾಸ್‌ಮನ್‌ಗೆ ಹಿಂದಿರುಗಿ, ಮೌಂಟ್ ಮೊಲಾಯ್ ಮೂಲಕ ಮಲ್ಲಿಗನ್ ಹೆದ್ದಾರಿ ಹಿಡಿಯಿರಿ. ಅದು ಪೂರ್ತಿ ಡಾಂಬರು ರಸ್ತೆ.

ಒಣ ಹವೆಯ ಆಗಸ್ಟ್ ಒಳ್ಳೆಯ ಆಯ್ಕೆ. ಆದರೂ ಮೊಸಳೆಗಳ ಕಾರಣ ನದಿ, ಅಳಿವೆಗಳ ಅಂಚಿಗೆ ಹೋಗಬೇಡಿ. ರಾತ್ರಿ ತಂಗಲು ಕ್ಯಾಂಪ್ ಜಾಗವನ್ನು ಮುಂಗಡವಾಗಿ ಕಾದಿರಿಸಿ.

ಕತ್ತಲಾದ ಮೇಲೆ ವ್ಯಾನು ಓಡಿಸಬೇಡಿ. ಹಗಲಿನಲ್ಲಿಯೂ ನಿಧಾನವಾಗಿ ಸಾಗಿ. ನಾವು ಹೋದಾಗ ತಿರುವೊಂದರಲ್ಲಿ ನೀಲಿ ಕುತ್ತಿಗೆಯ, ಹಾರಲಾರದ ದೊಡ್ಡ ಹಕ್ಕಿ ಕ್ಯಾಸೊವರಿಯೊಂದು, ಬೆನ್ನಿಗೆ ಪಟ್ಟೆಗಳಿದ್ದ ಎರಡು ಮರಿಗಳೊಡನೆ ರಸ್ತೆಗಿಳಿದಿತ್ತು. ಮರಿ ಸಾಕುವುದು ಗಂಡು ಹಕ್ಕಿ. ಎಂಜಿನ್ ನಿಲ್ಲಿಸಿ ನಾವಿಬ್ಬರೂ ಉಸಿರು ಬಿಗಿಹಿಡಿದು ಕುಳಿತೆವು. ಹಿಂದುಳಿದಿದ್ದ ಮರಿ ಪೊದೆ ಸೇರುವವರೆಗೂ ತಂದೆ ರಸ್ತೆ ಬಿಟ್ಟು ಕದಲಲಿಲ್ಲ.