ಹತ್ತು ನಲವತ್ತರ ಬ್ರೇಕ್

ತಾಯಿ ಅದನ್ನು ಗ್ರಂಥಿಗೆ ಅಂಗಡಿಯ ಕವರಿನಲ್ಲಿ ಸುತ್ತಿ ತಂದಿದ್ದರು. ಟೇಬಲ್ ಮೇಲಿಟ್ಟು, ತಾವು ಸ್ವಲ್ಪ ಹಿಂದೆ ಸರಿದು ಕೂತರು.

"ಹೈಲೈಟರ್ ಅಂದುಕೊಂಡೆ ಮೇಡಂ. ಮೂಗಿನ ಹತ್ತಿರ ಹಿಡಿದರೆ ಮಾವಿನಹಣ್ಣಿನ ವಾಸನೆ. ಪ್ಯಾಡ್ ಇಡೋ ಪೌಚಲ್ಲಿ ಇಟ್ಟಿದ್ದಳು. ಅಲ್ಲಿ ನಾನು ಕೈ ಹಾಕಲ್ಲ ಅಂತ ಅವಳಿಗೆ ಗೊತ್ತು."

ಕವರ್ ಬಿಚ್ಚಿದೆ. ಗುಲಾಬಿ ಬಣ್ಣದ, ಹೆಬ್ಬೆರಳಿನಷ್ಟು ಉದ್ದದ ವೇಪ್, ಅಂದರೆ ಇ-ಸಿಗರೇಟು. ಹದಿಹರೆಯದವರ ಆಪ್ತ ಸಮಾಲೋಚಕಿಯಾಗಿ ಕಳೆದ ಕೆಲವು ವರ್ಷಗಳಲ್ಲಿ ಇಂಥವನ್ನು ನಾನು ಸಾಕಷ್ಟು ನೋಡಿದ್ದೇನೆ. ತಾಯಿ ನೋಡಿದ್ದು ಅದೇ ಮೊದಲು.

ಈ ಪ್ರಕರಣ ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯುತ್ತೇನೆ, ಮನೆಯಲ್ಲಿ ಎಲ್ಲ ಹೆಣ್ಣುಮಕ್ಕಳನ್ನೂ ಹಾಗೇ ಕರೆಯುತ್ತಾರಲ್ವಾ. ವಯಸ್ಸು 16. ಮೊದಲ ಪಿಯುಸಿ ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ಬೆಂಗಳೂರಿನ ದಕ್ಷಿಣ ಭಾಗದ ಮನೆ. ತಂದೆಗೆ ಚಿಕ್ಕಪೇಟೆ ಕಡೆ ವ್ಯಾಪಾರ.

ತಾಯಿಯ ಬೇಡಿಕೆ ಒಂದೇ. "ನೀವು ಸ್ವಲ್ಪ ಬುದ್ಧಿ ಹೇಳಿ ಮೇಡಂ. ನಾವು ಹೇಳಿದರೆ ಕೇಳಲ್ಲ."

ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ತಂದೆತಾಯಿ ಕೇಳುವುದು ಇದನ್ನೇ. ಬುದ್ಧಿ ಹೇಳುವುದೇ ನನ್ನ ಕೆಲಸ ಅಂದುಕೊಂಡಿರುತ್ತಾರೆ. ಆದರೆ ಈ ವಯಸ್ಸಿನ ಮಕ್ಕಳಿಗೆ ಬುದ್ಧಿಮಾತು ಕಿವಿ ತುಂಬ ಬಿದ್ದಿರುತ್ತದೆ. ಪುಟ್ಟಿಗೂ ಎಲ್ಲ ಗೊತ್ತಿತ್ತು. ನಿಕೋಟಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದಕ್ಕೆ ಬಯಾಲಜಿ ಪಾಠ ಒಪ್ಪಿಸುವವಳ ಹಾಗೆ ಹೇಳಿ ಮುಗಿಸಿದಳು. ಕೊನೆಗೆ, "ಪಾಪ್‌ಕಾರ್ನ್ ಲಂಗ್ ಬರುತ್ತೆ ಅಂತಾನೂ ಹೇಳ್ತೀರಾ?" ಎಂದು ಕೇಳಿದಳು.

ಅದು ಪರೀಕ್ಷೆ, ನನಗೆ. ಯಾವುದೋ ರೀಲ್ ನೋಡಿದ್ದಳು. ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಬೆಣ್ಣೆಯ ಪರಿಮಳ ಕೊಡುವ ರಾಸಾಯನಿಕವನ್ನು ದಿನವಿಡೀ ಉಸಿರಾಡಿದ ಕಾರ್ಮಿಕರಲ್ಲಿ ಕಂಡ ಶ್ವಾಸಕೋಶದ ಕಾಯಿಲೆ ಅದು. ವೇಪ್ ಸೇದಿದವರಿಗೆಲ್ಲ ಅದು ಬರುತ್ತದೆ ಅಂತ ಹೇಳುವ ಹಾಗಿಲ್ಲ. ಅದನ್ನೇ ಹೇಳಿದೆ. ಅವಳು ಸ್ವಲ್ಪ ನೆಟ್ಟಗೆ ಕೂತಳು. ಹೆದರಿಸಲು ಒಂದು ಸುಳ್ಳು ಸೇರಿಸಿದರೆ, ಮಕ್ಕಳು ಜೊತೆಗಿರುವ ಹತ್ತು ನಿಜವನ್ನೂ ಎತ್ತಿ ಆಚೆ ಹಾಕುತ್ತಾರೆ. ಶಾಲೆಗಳಲ್ಲಿ ದುಶ್ಚಟದ ಬಗ್ಗೆ ಭಾಷಣ ಮಾಡುವ ಕೆಲವರಿಗೆ ಇದು ಯಾಕೋ ಇನ್ನೂ ಹೊಳೆದಿಲ್ಲ.

ತಾಯಿಯನ್ನು ಹೊರಗೆ ಕೂರಿಸುವ ಮುಂಚೆ ಇಬ್ಬರ ಮುಂದೆಯೂ ಒಂದು ಮಾತು ಹೇಳಿದ್ದೆ. ಇಲ್ಲಿ ಮಗಳು ಹೇಳಿದ್ದನ್ನು ನಿಮಗೆ ವರದಿ ಒಪ್ಪಿಸಲ್ಲ. ಅವಳ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ ಮುಚ್ಚಿಡಲ್ಲ. ಯಾರಾದರೂ ಅವಳ ಜೊತೆ ಲೈಂಗಿಕವಾಗಿ ಕೆಟ್ಟದಾಗಿ ನಡೆದುಕೊಂಡಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಾನು ತಿಳಿಸಲೇಬೇಕು. ತಾಯಿಗೆ ಕಸಿವಿಸಿಯಾಯಿತು. "ನಾನು ಹೆತ್ತ ತಾಯಿ ಅಲ್ವಾ" ಅಂದರು. ಹೌದು. ಆದರೂ ಹೊರಗೆ ಕೂರಬೇಕು.

ನಾನು ವೇಪಿನಿಂದ ಶುರು ಮಾಡುವುದಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಕಾಲೇಜು ಹೇಗಿದೆ, ಊಟ, ನಿದ್ದೆ, ಸ್ನೇಹಿತರು, ಫೋನು, ಆಮೇಲೆ ಸಿಗರೇಟು ಕುಡಿತ, ಪ್ರೀತಿ ಗೀತಿ, ಕೊನೆಗೆ "ಸತ್ತರೆ ಸಾಕು ಅನಿಸಿದ್ದಿದೆಯಾ?" ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಕೊನೆಯ ಪ್ರಶ್ನೆಯನ್ನು ಬಿಡುವ ಹಾಗಿಲ್ಲ. ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಹೊಕ್ಕುತ್ತದೆ ಎಂಬುದು ತಪ್ಪು ತಿಳುವಳಿಕೆ. ಪುಟ್ಟಿ "ಇಲ್ಲ" ಅಂದಳು, ನಂಬುವ ಹಾಗೆ.

ವಿಷಯ ಸಿಕ್ಕಿದ್ದು ಊಟ, ನಿದ್ದೆಯ ಹತ್ತಿರ.

"ನಿನ್ನೆ ಬೆಳಿಗ್ಗೆಯಿಂದ ಹೇಳು. ಎದ್ದಿದ್ದು ಎಷ್ಟು ಗಂಟೆಗೆ?"

"ಐದು."

"ಮಲಗಿದ್ದು?"

"ಒಂದೂವರೆ ಇರಬೇಕು."

"ತಿಂಡಿ?"

"ತಿನ್ನಲ್ಲ. ಕಾಫಿ."

ಆರಕ್ಕೆ ಮನೆ ಬಿಡುತ್ತಾಳೆ. ಬಸ್ಸು, ಮೆಟ್ರೊ, ಮತ್ತೆ ಆಟೊ. ಆರೂ ಮುಕ್ಕಾಲಿಗೆ ಕೋಚಿಂಗ್ ಕ್ಲಾಸು. ಹತ್ತು ನಲವತ್ತಕ್ಕೆ ಮೊದಲ ಬ್ರೇಕ್. ಅಷ್ಟೊತ್ತಿಗೆ ತಲೆ ಧಿಮ್ ಅನ್ನುತ್ತದೆ, ಕೈ ಸ್ವಲ್ಪ ನಡುಗುತ್ತದೆ. ವಾಶ್‌ರೂಮಿನಲ್ಲಿ ಗೆಳತಿ ಎರಡು ಪಫ್ ಕೊಡುತ್ತಾಳೆ. "ತಗೊಂಡ ತಕ್ಷಣ ಎಲ್ಲ ಸರಿ ಹೋಗುತ್ತೆ ಮ್ಯಾಮ್. ಹಸಿವೂ ಆಗಲ್ಲ."

'ಹಸಿವೂ ಆಗಲ್ಲ' ಎಂಬುದನ್ನು ನಾನು ಬರೆದುಕೊಂಡೆ. ಯಾಕೆ ಬೇಕು ಹಸಿವಾಗದಿರುವುದು? ಸ್ವಲ್ಪ ಹೊತ್ತು ವೇಲಿನ ಅಂಚು ಸುತ್ತಿದಳು. ಹೋದ ವರ್ಷ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ, ಅತ್ತೆಯೊಬ್ಬರು "ಎಷ್ಟು ದಪ್ಪ ಆಗಿದ್ದೀಯೇ, ಹೋಳಿಗೆ ಒಂದೇ ಸಾಕು" ಅಂದಿದ್ದರಂತೆ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮಾರನೆಯ ದಿನದಿಂದ ತಿಂಡಿ ನಿಂತಿತು. ಡಬ್ಬಿ ಹೋಗುತ್ತಿತ್ತು, ಚಿತ್ರಾನ್ನ ಕಾಲೇಜಿನ ಡಸ್ಟ್‌ಬಿನ್ನಿಗೆ ಬೀಳುತ್ತಿತ್ತು, ಡಬ್ಬಿ ತೊಳೆದು ವಾಪಸ್ ಬರುತ್ತಿತ್ತು.

ಅಲ್ಲಿಗೆ ನನಗೆ ಚಿತ್ರ ಸ್ಪಷ್ಟವಾಯಿತು. ತಾಯಿಗೆ ಕಂಡದ್ದು ವೇಪ್. ಅದರ ಕೆಳಗೆ ಖಾಲಿ ಹೊಟ್ಟೆ, ಮೂರೂವರೆ ಗಂಟೆ ನಿದ್ದೆ, ಒಂದು ಹೋಳಿಗೆ ಇದ್ದವು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿನಾರರ ಹುಡುಗಿ ಸಮಾಧಾನವಾಗಿ ಕೂತಾಗ ನಮ್ಮ ನಿಮ್ಮಷ್ಟೇ ಚೆನ್ನಾಗಿ ಯೋಚಿಸುತ್ತಾಳೆ. ಗೆಳತಿಯರು ಸುತ್ತ ನಿಂತಾಗ ಲೆಕ್ಕ ಬದಲಾಗುತ್ತದೆ. ಅಮೆರಿಕದಲ್ಲಿ ಇದನ್ನು ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿ ನೋಡಿದ್ದರು, 2005ರಲ್ಲಿ ಪ್ರಕಟವಾಯಿತು. ಹದಿಹರೆಯದವರು ಒಬ್ಬರೇ ಆಡಿದಾಗ ದೊಡ್ಡವರ ಹಾಗೆಯೇ ಆಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಅಪಾಯಕ್ಕೆ ಕೈ ಹಾಕುವುದು ತುಂಬ ಜಾಸ್ತಿಯಾಯಿತು. ದೊಡ್ಡವರಲ್ಲಿ ಹಾಗಾಗಲಿಲ್ಲ. ತಡೆದು ಯೋಚಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಅದರ ಮೇಲೆ ಹಸಿವು, ನಿದ್ದೆಗೇಡು ಸೇರಿಸಿ. ಹತ್ತು ನಲವತ್ತಕ್ಕೆ ವಾಶ್‌ರೂಮಿನಲ್ಲಿ ಆಗುವ ತೀರ್ಮಾನವನ್ನು, ಸಂಜೆ ಐದಕ್ಕೆ ನನ್ನ ಫ್ಯಾನ್ ಕೆಳಗೆ ಕೂತು ತಿದ್ದಲು ಆಗುವುದಿಲ್ಲ.

ಮೊದಲ ಸಲಹೆ ಹಾಗಾಗಿ ರಕ್ತ ಪರೀಕ್ಷೆ. ತಾಯಿಗೆ ಆಶ್ಚರ್ಯ. "ಅದಕ್ಕೂ ಇದಕ್ಕೂ ಏನು ಸಂಬಂಧ?" ಹಿಮೋಗ್ಲೋಬಿನ್ 9.6 ಬಂತು. 12 ಇರಬೇಕು. ಅಂದರೆ ರಕ್ತಹೀನತೆ. ಸರ್ಕಾರಿ ಶಾಲೆಯಲ್ಲಿದ್ದಾಗ ಮಕ್ಕಳಿಗೆ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಸಿಗುತ್ತದೆ. ಇವಳ ಕಾಲೇಜಿನಲ್ಲಿ ಅಂಥದ್ದೇನೂ ಇರಲಿಲ್ಲ. ಡಾಕ್ಟರು ಮಾತ್ರೆ ಬರೆದರು. ಕಾಫಿ ಜೊತೆ ನುಂಗಬೇಡ, ಕಾಫಿಗೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ, ನಿಂಬೆಹಣ್ಣಿನ ಪಾನಕದ ಜೊತೆ ತಗೋ ಎಂದರು. ತಲೆ ಧಿಮ್ ಅನ್ನುವುದಕ್ಕೆ ಒಂದು ಹೆಸರು ಸಿಕ್ಕಿದ್ದೇ ಪುಟ್ಟಿಯ ಮುಖ ಬದಲಾಯಿತು. ಅದುವರೆಗೆ ಅವಳು ಅದನ್ನು ತನ್ನ ದೌರ್ಬಲ್ಯ ಅಂದುಕೊಂಡಿದ್ದಳು.

ಎರಡನೆಯ ಭೇಟಿಯಲ್ಲಿ ವೇಪನ್ನು ಇಬ್ಬರೂ ಸೇರಿ ಓದಿದೆವು. ಓದಿದೆವು ಅಂದರೆ ನಿಜವಾಗಿಯೂ ಓದಿದೆವು, ಫೋನಿನ ಕ್ಯಾಮೆರಾ ದೊಡ್ಡದು ಮಾಡಿ. ಒಂದು ಬದಿಯಲ್ಲಿ 5% ಅಂತಿತ್ತು. ತಯಾರಿಸಿದವರ ವಿಳಾಸ ಇಲ್ಲ. ಬ್ಯಾಚ್ ನಂಬರ್ ಇಲ್ಲ.

"ಐದು ಪರ್ಸೆಂಟ್ ಕಮ್ಮಿ ಅಲ್ವಾ?"

"ನೀನು ಸೈನ್ಸ್ ಹುಡುಗಿ. ಲೆಕ್ಕ ಹಾಕು."

ಹಾಕಿದಳು. ಒಂದು ಮಿಲಿಲೀಟರ್‌ಗೆ 50 ಮಿಲಿಗ್ರಾಂ ನಿಕೋಟಿನ್. ಐರೋಪ್ಯ ಒಕ್ಕೂಟ ಒಪ್ಪುವ ಗರಿಷ್ಠ 20. ಅದೂ ಚೀಟಿಯಲ್ಲಿ ಬರೆದದ್ದು ನಿಜವಾಗಿದ್ದರೆ. ನಮ್ಮ ದೇಶದಲ್ಲಿ 2019ರಿಂದ ಇದರ ಮಾರಾಟವೇ ನಿಷೇಧ. ಹಾಗಿರುವಾಗ ಒಳಗೆ ಏನಿದೆ ಎಂದು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಸಿಗರೇಟಿನ ಹಾಗೆ ಗಂಟಲು ಉರಿಯದ ಕಾರಣ ಎಷ್ಟು ಎಳೆದೆ ಅಂತ ಸೇದುವವರಿಗೇ ತಿಳಿಯದು. ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುತ್ತದೆ, ಕಸಿವಿಸಿ ಶುರು. ಮತ್ತೆ ಎಳೆದರೆ ಸಮಾಧಾನ. ಕಸಿವಿಸಿ ತಂದಿದ್ದೂ ಅದೇ, ಕಳೆದಿದ್ದೂ ಅದೇ. "ಸಾಲ ಕೊಟ್ಟವನೇ ಬಂದು ಬಡ್ಡಿ ಕಟ್ಟೋಕೆ ಮತ್ತೆ ಸಾಲ ಕೊಟ್ಟ ಹಾಗೆ" ಅಂದೆ. ವ್ಯಾಪಾರಿಯ ಮಗಳು, ತಟ್ಟನೆ ಹಿಡಿದಳು.

ಬಿಡುವ ದಿನವನ್ನು ಅವಳೇ ಆರಿಸಿದಳು: ಯೂನಿಟ್ ಟೆಸ್ಟ್ ಮುಗಿದ ಮೇಲಿನ ಶನಿವಾರ. ಮೊದಲ ಎರಡು ಮೂರು ದಿನ ಕಷ್ಟ, ಸಿಡುಕು ಬರುತ್ತದೆ, ನಿದ್ದೆ ಏರುಪೇರಾಗುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿಟ್ಟೆ. ಬೇಕು ಅನ್ನುವ ತುಡಿತ ಬಂದಾಗ ಹತ್ತು ನಿಮಿಷ ದಾಟಿಸಿದರೆ ಸಾಕು, ಅದು ತಾನಾಗಿ ಇಳಿಯುತ್ತದೆ. ಬಾಯಿಗೆ ಸೋಂಪು, ಕೈಗೆ ನೀರಿನ ಬಾಟಲಿ. ನಿಕೋಟಿನ್ ಚೂಯಿಂಗ್ ಗಮ್ಮನ್ನು ಮೆಡಿಕಲ್ ಶಾಪಿನಿಂದ ತಾವೇ ತಂದುಕೊಡಬಾರದು, ಈ ವಯಸ್ಸಿಗೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ ಎಂದು ತಾಯಿಗೆ ಹೇಳಿದೆ.

ಉಳಿದದ್ದು ವಾಶ್‌ರೂಮ್. ಅಲ್ಲಿ ಏನು ಹೇಳುತ್ತೀಯ? ನಾನು ಗೆಳತಿಯ ಪಾತ್ರ ಮಾಡಿದೆ. "ಏನೇ, ಎರಡು ಪಫ್ ಅಷ್ಟೇ ಕಣೇ" ಅಂದೆ. ನನ್ನ ನಟನೆಗೆ ಅವಳು ಬಿದ್ದು ಬಿದ್ದು ನಕ್ಕಳು. 'ನನಗೆ ಬೇಡ, ನಾನು ಬಿಟ್ಟಿದ್ದೀನಿ' ಅಂತ ನೇರವಾಗಿ ಹೇಳು ಎಂದರೆ, "ಮ್ಯಾಮ್, ಹಾಗೆ ಯಾರೂ ಮಾತಾಡಲ್ಲ. ಓವರ್ ಆಗುತ್ತೆ" ಅಂದಳು. ಸರಿ, ನೀನೇ ಹೇಳು. ನಾಲ್ಕೈದು ಸಲ ಪ್ರಯತ್ನಿಸಿ ಕೊನೆಗೆ ತನ್ನದೇ ವಾಕ್ಯ ಮಾಡಿಕೊಂಡಳು: "ನಂಗ್ ಬ್ಲಡ್ ಟೆಸ್ಟ್ ಇದೆ ಕಣೇ, ಸಿಕ್ಕಿಬಿದ್ರೆ ಅಮ್ಮ ಜೀವ ತೆಗೀತಾಳೆ. ಬಾ, ಕ್ಯಾಂಟೀನಿಗೆ ಹೋಗೋಣ." ಅಮ್ಮನ ಮೇಲೆ ತಪ್ಪು ಹಾಕುವುದು ಹಳೇ ಉಪಾಯ, ಆದರೆ ಕೆಲಸ ಮಾಡುತ್ತದೆ. ನಾನು ತಾಯಿಯನ್ನು ಕೇಳಿದೆ: ಕೆಲವು ತಿಂಗಳು ಮಗಳ ಗೆಳತಿಯರ ಮುಂದೆ ನೀವು ವಿಲನ್ ಆಗ್ತೀರಾ? ಮೊದಲ ಸಲ ಅವರು ನಕ್ಕರು. "ಈಗಲೂ ಅದೇ ಅಲ್ವಾ ಮೇಡಂ" ಅಂದರು.

ತಂದೆ ಬಂದಿದ್ದು ಮೂರನೆಯ ಭೇಟಿಗೆ. ಬರುತ್ತಲೇ ಫೋನ್ ಒಡೆಯುವ ಮಾತು, ಕಾಲೇಜಿಗೆ ಹೋಗಿ ಗಲಾಟೆ ಮಾಡುವ ಮಾತು. "ಯಾವ ಅಂಗಡಿಯವನು ಕೊಟ್ಟ ಹೇಳಲಿ" ಅಂದರು. ಕಾಂಡಿಮೆಂಟ್ಸ್ ಅಂಗಡಿಯವನಾಗಿದ್ದರೆ ಹೇಳುವುದು ಸುಲಭವಿತ್ತು. 2025ರಿಂದ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಸಿಗರೇಟು ಮಾರುವ ಹಾಗಿಲ್ಲ, ಮೊದಲು 18 ಇತ್ತು. ಆದರೆ ಇದು ಬಂದಿದ್ದು ಇನ್‌ಸ್ಟಾಗ್ರಾಮ್ ಮೆಸೇಜಿನಲ್ಲಿ ಆರ್ಡರ್ ಮಾಡಿ, ಬೈಕಿನಲ್ಲಿ. ಮೂವರು ಹುಡುಗಿಯರು ನಾನೂರು ನಾನೂರು ಹಾಕಿದ್ದರು. ಪೊಲೀಸ್ ಕೇಸ್ ಆದರೆ ಮಗಳ ಗತಿಯೇನು ಎಂಬ ಭಯ ಅವರ ಕೂಗಾಟದ ಕೆಳಗಿತ್ತು. 2019ರ ಕಾಯ್ದೆ ಗುರಿಯಿಟ್ಟಿರುವುದು ತಯಾರಿಸುವ, ಮಾರುವ, ದಾಸ್ತಾನು ಇಡುವ, ಜಾಹೀರಾತು ಮಾಡುವವರ ಮೇಲೆ, ಮಾರಿದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ವಿವರಿಸಿದೆ. ಮಾರಿದವನ ಖಾತೆಯ ವಿವರ ಇಟ್ಟುಕೊಂಡು ದೂರು ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಮಗಳ ಫೋನ್ ಒಡೆದರೆ ಅವನಿಗೇನೂ ನಷ್ಟವಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯ ಎಲ್ಲರ ಫೋನೂ, ಅವರದೂ ಸೇರಿ, ಹಾಲಿನ ಚಾರ್ಜರಿನ ಹತ್ತಿರ ಇರಲಿ ಎಂದೆ. ಒಪ್ಪಲು ಅವರಿಗೆ ಮಗಳಿಗಿಂತ ಕಷ್ಟವಾಯಿತು.

ತಾಯಿಗೆ ಕೊಟ್ಟ ಸಲಹೆ ಚಿಕ್ಕದು. ದಿನಾ ಬ್ಯಾಗು ತಡಕಬೇಡಿ. ಅಜ್ಜಿಗೆ ಹೇಳಬೇಡಿ. ಹೆಣ್ಣುಮಗಳು, ಮರ್ಯಾದೆ ಎಂಬ ಮಾತು ಈ ವಿಷಯದಲ್ಲಿ ತರಬೇಡಿ, ಶ್ವಾಸಕೋಶಕ್ಕೆ ಗಂಡು ಹೆಣ್ಣು ಅಂತಿಲ್ಲ. ಮತ್ತೆ, ಮನೆಯಲ್ಲಿ ಯಾರೂ ಯಾರ ಮೈ ಬಗ್ಗೆಯೂ ತಮಾಷೆ ಮಾಡುವುದು ಬೇಡ. ಹೋಳಿಗೆಯ ಕಥೆಯನ್ನು ಪುಟ್ಟಿಯೇ ಹೇಳಿದಳು, ನನ್ನೆದುರು. ತಾಯಿಗೆ ಆ ದಿನ ನೆನಪೇ ಇರಲಿಲ್ಲ. ಐದು ಗಂಟೆಗೆ ತಿಂಡಿ ಸೇರಲ್ಲ ಎಂಬುದು ನಿಜವೇ ಆದ್ದರಿಂದ, ಎರಡು ಇಡ್ಲಿ ಚಟ್ನಿಪುಡಿ ಹಚ್ಚಿ ಮೆಟ್ರೊ ಇಳಿದ ಮೇಲೆ ತಿನ್ನುವುದು ಅಂತ ಇಬ್ಬರೂ ಮಾತಾಡಿಕೊಂಡರು.

ಹತ್ತೊಂಬತ್ತನೆಯ ದಿನ ಪುಟ್ಟಿಯ ಮೆಸೇಜ್ ಬಂತು. ಗೆಳತಿಯ ಬರ್ತ್‌ಡೇಯಲ್ಲಿ ಮೂರು ಪಫ್ ಎಳೆದಿದ್ದಳು. 'ಎಲ್ಲ ವೇಸ್ಟ್ ಆಯ್ತು ಮ್ಯಾಮ್.' ಆಗಲಿಲ್ಲ. ಹದಿನೆಂಟು ದಿನ ಬಿಟ್ಟದ್ದು ಎಲ್ಲೂ ಹೋಗಲ್ಲ. ಅವತ್ತು ಮಧ್ಯಾಹ್ನ ಏನು ತಿಂದಿದ್ದೆ ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ: 'ಏನೂ ಇಲ್ಲ. ಡ್ರೆಸ್ ಟೈಟ್ ಇತ್ತು.' ಅದರ ಬಗ್ಗೆ ಇನ್ನೂ ಎರಡು ಭೇಟಿ ಬೇಕಾದವು. ತೂಕದ ಚಿಂತೆ ವೇಪಿಗಿಂತ ಹಟಮಾರಿ, ಅದರ ಕೆಲಸ ಈಗಲೂ ನಡೆದಿದೆ.

ಮೂರನೆಯ ತಿಂಗಳು ಹಿಮೋಗ್ಲೋಬಿನ್ 11.4. ಆ ಚೀಟಿ ತೋರಿಸಲು ಬಂದವಳು ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತಳು. "ಮ್ಯಾಮ್, ಅವಳೂ ಬಿಡಬೇಕಂತೆ. ಆದರೆ ಮನೇಲಿ ಗೊತ್ತಾಗಬಾರದಂತೆ."

ಅವಳು ಅಂದರೆ ವಾಶ್‌ರೂಮಿನ ಗೆಳತಿ. ಎರಡು ನಂಬರ್ ಬರೆದುಕೊಟ್ಟೆ. ತಂಬಾಕು ಬಿಡಲು ಸಹಾಯ ಮಾಡುವ 1800-11-2356, ಮತ್ತೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಎರಡನೆಯದರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆಯೂ ಹೇಳಿದೆ.

ಚೀಟಿಯನ್ನು ಮಡಚಿ ಪ್ಯಾಡಿನ ಪೌಚಿನಲ್ಲಿ ಇಟ್ಟುಕೊಂಡಳು.